ಪರದೆಗೆ ಬೆನ್ನು ಹಾಕಿದ ಕಾರುಗಳು

ನನ್ನ ಕಾರಿನಲ್ಲಿ ಒಂದು ರೇಡಿಯೋ ಇದೆ. ಹೆಮ್ಮೆಗೆಂದು ಹೇಳುತ್ತಿಲ್ಲ, ಹಿತ್ತಿಲಲ್ಲಿ ಬಾವಿ ಇದೆ ಎಂದು ಹೇಳುವವನ ಸಮಾಧಾನದಲ್ಲಿ ಹೇಳುತ್ತಿದ್ದೇನೆ. ಕಾರು ಕೊಂಡಾಗ ಅದು ತಾನಾಗಿಯೇ ಬಂತು, ಮದುಮಗಳ ಕಡೆಯ ದೂರದ ಸೋದರಮಾವನ ಹಾಗೆ ಡ್ಯಾಶ್‌ಬೋರ್ಡಿನ ನಡುಮಧ್ಯೆ ಕೂತಿತು, ಮತ್ತು ಯಾರೂ ಮಾತಾಡಿಸದ ಕಾರಣ ಸುಮ್ಮನಿತ್ತು. ಅಪರೂಪಕ್ಕೆ ಗುಂಡಿ ಒತ್ತಿದರೆ ಉಡುಪಿಯಿಂದ ಪಡುಬಿದ್ರಿಯ ತನಕ ಯಾರೋ ಒಬ್ಬರು ತೆಂಗಿನ ಕಪ್ಪುತಲೆ ಹುಳದ ಹತೋಟಿಯ ಬಗ್ಗೆ ಗಂಭೀರವಾಗಿ ಉಪನ್ಯಾಸ ಕೊಡುವರು. ಕಾರು ಕಾರ್ಕಳದ ಕಡೆಗೆ ತಿರುಗಿದ್ದೇ ಅವರ ಗಂಟಲು ಕಟ್ಟಿ, ಹುಳ ಬದುಕಿಕೊಳ್ಳುವುದು. ಇಷ್ಟು ಬಿಟ್ಟರೆ ನನಗೂ ಅದಕ್ಕೂ ಹೇಳಿಕೊಳ್ಳುವಂಥ ಸಂಬಂಧವಿರಲಿಲ್ಲ. ಹೀಗಿರುವಾಗ ಕಾಪುವಿನ ಹಮೀದ್ ಒಂದು ಸಂಜೆ ನಮ್ಮ ಗೇಟಿನ ಬಳಿ ನಿಂತು, ಕಾರನ್ನೇ ದಿಟ್ಟಿಸುತ್ತ, ಡಾಕ್ಟರು ರೋಗಿಯ ಮನೆಯವರನ್ನು ವಿಚಾರಿಸುವ ಧಾಟಿಯಲ್ಲಿ ಕೇಳಿದ.

"ಮಾಸ್ಟ್ರೆ, ಇದರಲ್ಲಿ ರೇಡಿಯೋ ಉಂಟಾ?"

"ಉಂಟು."

"ನಡೀತದಾ?"

"ಕಪ್ಪುತಲೆ ಹುಳದ ಮಟ್ಟಿಗೆ ನಡೀತದೆ."

"ಸಾಕು. ನಮಗೆ ಅಷ್ಟು ಧಾರಾಳ," ಎಂದು ಅವನು ಒಳಗೆ ಬಂದು ಕೂತ.

ಹಮೀದ್ ನನ್ನ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಭೂಪಟದ ಮೇಲೆ ಕೊಲ್ಲಿ ದೇಶಗಳನ್ನು ತಪ್ಪಿಲ್ಲದೆ ಗುರುತಿಸಿದ ಒಬ್ಬನೇ ಹುಡುಗ; ಗುರುತಿಸಿ ಸುಮ್ಮನಾಗಲಿಲ್ಲ, ಮುಂದೆ ಅಲ್ಲಿಗೇ ಹೋಗಿ, ಬಹುಕಾಲ ದುಡಿದು, ತಲೆಕೂದಲನ್ನಷ್ಟೇ ಅಲ್ಲಿ ಬಿಟ್ಟು ಊರಿಗೆ ಮರಳಿದ. ಕಾಪುವಿನಲ್ಲಿ ಮದುವೆ ಹಾಲೊಂದರ ಪಕ್ಕದಲ್ಲಿ ಅವನದ್ದೊಂದು ವಿಶಾಲವಾದ ಗದ್ದೆ ಇದೆ. ಭತ್ತ ಬೆಳೆಯುವುದು ನಿಂತ ಮೇಲೆ ಅದು ಮದುವೆಗೆ ಬಂದವರ ಕಾರುಗಳನ್ನು ಬೆಳೆಯುತ್ತಿದೆ. ಆ ಗದ್ದೆಯಲ್ಲಿ ಹಮೀದನಿಗೆ ಒಂದು ಸಂಜೆಯ ಮಟ್ಟಿಗೆ ಡ್ರೈವ್-ಇನ್ ಸಿನಿಮಾ ತೋರಿಸುವ ಆಸೆ ಹುಟ್ಟಿತ್ತು.

"ಅಲ್ಲಿ ನಾವು ನೋಡಿದ್ದೇವೆ ಮಾಸ್ಟ್ರೆ. ಮರಳಿನ ಮಧ್ಯೆ ಇಷ್ಟು ದೊಡ್ಡ ಪರದೆ. ಕಾರಿನಿಂದ ಇಳಿಯುವ ಕೆಲಸವೇ ಇಲ್ಲ. ಸೌಂಡು ರೇಡಿಯೋದಲ್ಲಿ ಬರ್ತದೆ. ನನ್ನ ಹೆಂಡತಿ ಜೀವಮಾನದಲ್ಲಿ ನಿದ್ದೆ ಮಾಡದೆ ನೋಡಿದ ಸಿನಿಮಾ ಅದೊಂದೇ."

"ಅಷ್ಟು ಒಳ್ಳೆ ಸಿನಿಮಾವಾ?"

"ಸಿನಿಮಾ ಎಂತದ್ದೋ. ಎ.ಸಿ.ಯ ಗುಂಡಿ ಅವಳ ಕೈಯಲ್ಲಿತ್ತು, ಅಲ್ವಾ."

ಓದುಗ ಮಿತ್ರರೇ, ಈ ಡ್ರೈವ್-ಇನ್ ಎಂಬ ಸಂಸ್ಥೆಗೆ ಒಂದು ಭವ್ಯವಾದ ಇತಿಹಾಸವಿದೆ. ಅಮೆರಿಕದಲ್ಲಿ ಒಬ್ಬ ಮಹಾಶಯ ತನ್ನ ಮನೆಯಂಗಳದ ಎರಡು ಮರಗಳ ನಡುವೆ ಹಾಸಿಗೆಯ ಹೊದಿಕೆ ಕಟ್ಟಿ, ಕಾರಿನ ಬಾನೆಟ್ಟಿನ ಮೇಲೆ ಪ್ರೊಜೆಕ್ಟರ್ ಇಟ್ಟು, ಬಟ್ಟೆಯ ಹಿಂದೆ ರೇಡಿಯೋ ಅಡಗಿಸಿ, ತಾನು ಕಾರೊಳಗೆ ಕೂತು ನೋಡಿದನಂತೆ. ಮಳೆ ಬಂದರೆ ಹೇಗೆ ಕಾಣುತ್ತದೆಂದು ತಿಳಿಯಲು ಹುಲ್ಲಿಗೆ ನೀರು ಚಿಮುಕಿಸುವ ಪೈಪನ್ನು ಕಾರಿನ ಮೇಲೆ ಬಿಟ್ಟನಂತೆ. ನಮ್ಮ ಕರಾವಳಿಯಲ್ಲಾಗಿದ್ದರೆ ಆ ಪರೀಕ್ಷೆಗೆ ಪೈಪು ಬೇಕಾಗುತ್ತಿರಲಿಲ್ಲ, ಆಷಾಢದ ತನಕ ತಾಳ್ಮೆ ಇದ್ದರೆ ಸಾಕಿತ್ತು. ಇಷ್ಟೆಲ್ಲ ಸಾಹಸ ಯಾಕೆಂದರೆ ಅವನ ತಾಯಿಗೆ ದೊಡ್ಡ ಶರೀರ. ಟಾಕೀಸಿನ ಕುರ್ಚಿ ಅವರಿಗೆ ಸಾಲುತ್ತಿರಲಿಲ್ಲ, ಕಾರಿನ ಸೀಟು ಸಾಲುತ್ತಿತ್ತು ಎಂದು ಒಂದು ಕತೆ ಇದೆ. ನಿಜವೋ ಸುಳ್ಳೋ, ಕತೆ ನನಗೆ ಬಹಳ ಹಿಡಿಸಿದೆ. ಅರಮನೆಗಳನ್ನು ರಾಣಿಯರಿಗಾಗಿ ಕಟ್ಟಿಸಿದವರನ್ನು ನಾನು ತರಗತಿಯಲ್ಲಿ ಬೇಕಷ್ಟು ಕಲಿಸಿದ್ದೇನೆ. ಕುರ್ಚಿಯಲ್ಲಿ ಹಿಡಿಯದ ತಾಯಿಗಾಗಿ ಆಕಾಶದ ಕೆಳಗೆ ಟಾಕೀಸು ಕಟ್ಟಿದವನ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಮೇಲೆ ಅದು ಅಮೆರಿಕದ ತುಂಬ ಹಬ್ಬಿತು. ಮಕ್ಕಳು ಪೈಜಾಮದಲ್ಲೇ ಬಂದು ಹಿಂದಿನ ಸೀಟಿನಲ್ಲಿ ಮಲಗಿದರು, ಪ್ರೇಮಿಗಳು ಪರದೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದರು, ಕಂಬಕ್ಕೆ ತಗುಲಿಸಿದ ಸ್ಪೀಕರನ್ನು ಬಿಚ್ಚಲು ಮರೆತು ಕಾರು ಹೊರಡಿಸಿದವರು ಅದನ್ನು ಮನೆಗೂ ಒಯ್ದರು. ಕ್ರಮೇಣ ಜಾಗದ ಬೆಲೆ ಏರಿತು, ಟೀವಿ ಬಂತು, ಪರದೆಗಳಿದ್ದಲ್ಲಿ ಅಂಗಡಿ ಸಾಲುಗಳು ಎದ್ದವು. ನಮ್ಮ ದೇಶದಲ್ಲೂ ಅಹ್ಮದಾಬಾದು, ಚೆನ್ನೈಗಳಂಥ ಊರುಗಳು ಅದರ ರುಚಿ ನೋಡಿದವು. ಇನ್ನೇನು ಮುಗಿಯಿತು ಅನ್ನುವಾಗ ಕೊರೊನಾ ಬಂದು, ಮನುಷ್ಯರು ಪರಸ್ಪರ ದೂರವಿರಬೇಕು ಎಂಬ ಆಜ್ಞೆಯಾಯಿತು. ದೂರವಿದ್ದೂ ಒಟ್ಟಿಗಿರುವ ವಿದ್ಯೆಯನ್ನು ಮೊದಲೇ ಕಲಿತಿದ್ದ ಈ ಮುದಿ ಕಲೆ ಎದ್ದು ಕೂತು ಮೀಸೆ ತಿರುವಿತು.

ನನಗೆ ಹಮೀದನ ಮಾತು ಕೇಳುತ್ತಿದ್ದಂತೆ ನೆನಪಾದದ್ದು ಮಾತ್ರ ಅಮೆರಿಕವಲ್ಲ, ಕಾರ್ಕಳ. ಅಲ್ಲಿ ನನ್ನ ಅಕ್ಕ ಸುನಂದ ಇದ್ದಾಳೆ. ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಅರ್ಧ ತಾಲೂಕನ್ನು ಉಳಿದರ್ಧಕ್ಕೆ ಜೋಡಿಸಿದವಳು. ಆ ಉದ್ಯೋಗ ಅವಳಿಗೆ ದೊಡ್ಡ ಸ್ವರವನ್ನು ದಯಪಾಲಿಸಿತು. ವಯಸ್ಸು ಕಿವಿಯನ್ನು ಅಷ್ಟಿಷ್ಟಾಗಿ ಹಿಂದಕ್ಕೆ ಪಡೆಯಿತು. ಸಿನಿಮಾವೆಂದರೆ ಅವಳಿಗೆ ಪ್ರಾಣ. ಆದರೆ ಅವಳ ಪಕ್ಕದಲ್ಲಿ ಕೂತು ಸಿನಿಮಾ ನೋಡುವುದೆಂದರೆ ಪರೀಕ್ಷೆಗೆ ಕೂತ ಹಾಗೆ. "ಎಂತ ಹೇಳಿದ ಅವ? ಇವಳು ಯಾಕೆ ಅಳುವುದು? ಇವ ಮೊದಲು ಸತ್ತವನೇ ಅಲ್ವಾ?" ಎಂದು ಪ್ರಶ್ನೆಗಳು ಬರುತ್ತಲೇ ಇರುವವು. ಉತ್ತರಿಸುವ ಹೊತ್ತಿಗೆ ಇನ್ನೊಬ್ಬ ಸತ್ತಿರುತ್ತಿದ್ದ.

ಹೋದ ವರ್ಷ ಅವಳನ್ನು ಮಣಿಪಾಲದ ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸದ್ದು ಎದೆ ನಡುಗಿಸುವಷ್ಟು ಜೋರು. ಆದರೆ ಜೋರು ಬೇರೆ, ಸ್ಪಷ್ಟ ಬೇರೆ. ಡೋಲು, ಗುಂಡು, ಗಾಳಿ ಎಲ್ಲ ಕೇಳಿ, ಮಾತು ಮಾತ್ರ ಕೇಳದ ಅಕ್ಕ ಎಂದಿನಂತೆ ವಿಚಾರಣೆ ಆರಂಭಿಸಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ, ಬಹಳ ಮರ್ಯಾದೆಯಿಂದ, "ಆಂಟಿ, ಪ್ಲೀಸ್" ಎಂದಳು. ಅಷ್ಟೇ. ಬೈದಿದ್ದರೆ ಅಕ್ಕ ಅವಳ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದಳು. ಮರ್ಯಾದೆಗೆ ಅವಳು ಸೋತಳು. ಮಿಕ್ಕ ಸಿನಿಮಾದುದ್ದಕ್ಕೂ ಕೈಚೀಲ ಅಪ್ಪಿಕೊಂಡು ಕೂತಳು. ಕಾರು ಹತ್ತಿದ ಮೇಲೆ, "ಇನ್ನು ನನ್ನನ್ನು ಟಾಕೀಸಿಗೆ ಕರೀಬೇಡ ಮಾರಾಯ. ನನ್ನಿಂದ ನಾಲ್ಕು ಜನಕ್ಕೆ ಉಪದ್ರ ಯಾಕೆ," ಎಂದಳು.

ಟಾಕೀಸು ಬಿಟ್ಟರೆ ಬಿಡಲಿ, ಜೀವ ಹೋಗುವುದಿಲ್ಲ. ಆದರೆ ಅವಳು ಕೇಳುವುದನ್ನೇ ಬಿಟ್ಟುಬಿಟ್ಟಳು. ಮನೆಯಲ್ಲಿ, ಮದುವೆಯಲ್ಲಿ, ಅಂಗಡಿಯಲ್ಲಿ ಯಾರು ಏನೇ ಹೇಳಿದರೂ ನಗುತ್ತ "ಹೌದು ಹೌದು" ಎಂದು ತಲೆಯಾಡಿಸುವ ಹೊಸ ಅಭ್ಯಾಸ ಶುರುವಾಯಿತು. ಡಾಕ್ಟರು ಕೊಟ್ಟ ಶ್ರವಣಯಂತ್ರ ಮೊದಲೇ ಕಪಾಟಿನಲ್ಲಿತ್ತು. ಹಾಕಿಕೊಂಡರೆ ಅದು ಕುಕ್ಕರಿನ ಹಾಗೆ ಸೀಟಿ ಹಾಕುತ್ತದೆ ಎಂಬುದು ಅವಳ ದೂರು. ಒಮ್ಮೆ ನಾನು ಫೋನಿನಲ್ಲಿ, "ನನಗೆ ಜ್ವರ ಅಕ್ಕ," ಎಂದೆ. "ಹೌದು ಹೌದು, ಒಳ್ಳೆಯದಾಯಿತು," ಎಂದಳು. ನಗು ಬಂತು, ಆಮೇಲೆ ಬಹಳ ಹೊತ್ತು ಬರಲಿಲ್ಲ. ತಾಲೂಕಿನ ಮಾತನ್ನೆಲ್ಲ ಜೋಡಿಸುತ್ತಿದ್ದವಳು ತನ್ನ ತಂತಿಯನ್ನು ತಾನೇ ಕಿತ್ತುಕೊಂಡು ಕೂತಿದ್ದಳು.

ಆದ್ದರಿಂದ ಹಮೀದನ ಯೋಜನೆ ನನಗೆ ಕಲಾಸೇವೆಯಾಗಿ ಕಾಣಲಿಲ್ಲ, ಔಷಧಿಯಾಗಿ ಕಂಡಿತು. ಕಾರಿನ ಗಾಜು ಏರಿಸಿದರೆ ಸಾಕು, ಅಕ್ಕ ಎಷ್ಟು ಬೇಕಾದರೂ ಕೇಳಬಹುದು, ನಾನು ಎಷ್ಟು ಬೇಕಾದರೂ ಕಿರುಚಿ ಉತ್ತರಿಸಬಹುದು. "ಪ್ಲೀಸ್" ಎನ್ನಲು ಮುಂದಿನ ಸಾಲಿನಲ್ಲಿ ಇರುವುದು ಇಂಜಿನ್ ಒಂದೇ. ಡ್ರೈವ್-ಇನ್ನಿನ ಮಹಿಮೆಯೇ ಇದೆಂದು ನಾನು ಸಿದ್ಧಾಂತ ಮಾಡಿಕೊಂಡೆ: ಲೋಕದ ನಡುವೆ ಇದ್ದೂ ಮನೆಯೊಳಗಿರುವುದು. ಕಾಲನ್ನು ಚಕ್ಕಳಮಕ್ಕಳ ಹಾಕಬಹುದು, ಚಕ್ಕುಲಿಯನ್ನು ಸದ್ದು ಮಾಡಿಯೇ ಜಗಿಯಬಹುದು, ನಾಯಕಿಗೆ ಬುದ್ಧಿ ಹೇಳಬಹುದು. ಟಾಕೀಸಿನಲ್ಲಿ ನಾವು ಪ್ರೇಕ್ಷಕರು. ಕಾರಿನಲ್ಲಿ ನಾವು ಯಜಮಾನರು.

ಅಕ್ಕನನ್ನು ಒಪ್ಪಿಸಲು ಕಷ್ಟವೇನೂ ಆಗಲಿಲ್ಲ. ಸಂಗತಿಯನ್ನೆಲ್ಲ ವಿವರಿಸಿದೆ, ಅವಳು "ಹೌದು ಹೌದು" ಎಂದಳು. ಏನಕ್ಕೆ ಒಪ್ಪಿದ್ದಾಳೆಂದು ಅವಳಿಗೆ ತಿಳಿದದ್ದು ಕಾಪು ತಲುಪಿದ ಮೇಲೆ.

ನಾವು ಮುಟ್ಟಿದಾಗ ಹಗಲು ಇನ್ನೂ ಧಾರಾಳವಾಗಿತ್ತು. ನಮ್ಮ ಜಿಲ್ಲೆಯವರು ಯಾವ ಕಾರ್ಯಕ್ರಮಕ್ಕೂ ಮೊದಲೇ ಬಂದು, ತಡವಾಯಿತೆಂದು ಸಂಘಟಕರನ್ನು ಆಕ್ಷೇಪಿಸುವವರು. ಗದ್ದೆಯ ಒಂದು ತುದಿಯಲ್ಲಿ ಗೇಟು, ಇನ್ನೊಂದು ತುದಿಯಲ್ಲಿ ಎರಡು ದೊಡ್ಡ ಕಂಬಗಳು. ಕಂಬಗಳ ಬುಡದಲ್ಲಿ ಪರದೆ ಮಡಚಿ ಬಿದ್ದಿತ್ತು. ಕಡಲ ಗಾಳಿ ತಗ್ಗುವ ಮೊದಲು ಅದನ್ನು ಏರಿಸಿದರೆ ಗದ್ದೆಯೇ ಹಾಯಿಹಡಗಿನ ಹಾಗೆ ಹೊರಟುಬಿಡುವ ಭಯವಿತ್ತು ಹಮೀದನಿಗೆ. ಆಚೆ, ದೂರದಲ್ಲಿ, ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಮಾತ್ರ ನೆಟ್ಟಗೆ ನಿಂತು ಎಲ್ಲವನ್ನೂ ನೋಡುತ್ತಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಶಾಸ್ತ್ರವನ್ನು ನಿಮಗೆ ತಿಳಿಸಬೇಕು. ಉಡುಪಿ ಸೀಮೆಯಲ್ಲಿ ಮನುಷ್ಯ ಎಲ್ಲಿಗೇ ಹೋಗಲಿ, ಕಾರಿನ ಮುಖ ಗೇಟಿಗೆ ಇರಬೇಕು. ಮದುವೆ ಹಾಲಿನ ಊಟದ ನಂತರ, ಕೈಯ ನೀರು ಆರುವ ಮೊದಲು, ಕಾರು ಹೆದ್ದಾರಿಯಲ್ಲಿರಬೇಕು. ಅದಕ್ಕಾಗಿ ಬರುವಾಗಲೇ ಹಿಂದೆ ಹಿಂದೆ ಹೋಗಿ ನಿಲ್ಲಿಸುವುದು. ಹೀಗೆ ನಿಲ್ಲಿಸಲಾಗದವನಿಗೆ ಲೈಸೆನ್ಸ್ ಇದ್ದೀತು, ಮರ್ಯಾದೆ ಇರುವುದಿಲ್ಲ. ಮದುವೆಗಳಲ್ಲಿ ಈ ಶಾಸ್ತ್ರವನ್ನು ನಡೆಸಿಕೊಡುವವರು ಬಾಯಲ್ಲಿ ಸೀಟಿ ಹಿಡಿದ ಯುವಕ ಮಂಡಲದವರು. ಹಮೀದ್ ಕರೆಸಿದ್ದು ಅವರನ್ನೇ. ಗದ್ದೆಯೂ ಅದೇ, ಸೀಟಿಯೂ ಅದೇ.

"ಬರ್ಲಿ ಬರ್ಲಿ ಬರ್ಲಿ, ಮಾಸ್ಟ್ರೆ, ಸ್ವಲ್ಪ ಲೆಫ್ಟು, ಬರ್ಲಿ, ಸಾಕ್."

ಒಂದೇ ಬೀಸಿಗೆ ನಿಲ್ಲಿಸಿದೆ. ಸೀಟಿಯವನು ಮೆಚ್ಚಿ ತಲೆದೂಗಿದ. ಅಕ್ಕಪಕ್ಕದಲ್ಲಿ ಒಂದರ ಮೈಗೆ ಒಂದು ತಾಗುವಷ್ಟು ಹತ್ತಿರ, ಮುಂದೆ ಹಿಂದೆ ಜನ ಓಡಾಡುವಷ್ಟೇ ಜಾಗ ಬಿಟ್ಟು, ಸೈನ್ಯದ ಶಿಸ್ತಿನಲ್ಲಿ ಕಾರುಗಳು ಹಿಮ್ಮುಖವಾಗಿ ಬಂದು ನಿಂತವು. ನಮ್ಮ ಎಡಕ್ಕೆ ಹೆಬ್ರಿಯಿಂದ ಬಂದ ಒಂದು ಜೀಪು, ಅದರಲ್ಲಿ ಒಬ್ಬ ವಯಸ್ಸಾದ ಹೆಂಗಸು ಮತ್ತು ಅವರ ಮಗ. ಬಲಕ್ಕೆ ಮಣಿಪಾಲದ ವಿದ್ಯಾರ್ಥಿಗಳ ಕಾರು. ಅವರನ್ನು ಕಂಡು ನನಗೆ ಮಲ್ಟಿಪ್ಲೆಕ್ಸಿನ ಆ "ಪ್ಲೀಸ್" ನೆನಪಾಯಿತು, ಆದರೆ ಗಾಜಿನ ಮೇಲೆ ನನಗೆ ನಂಬಿಕೆ ಇತ್ತು.

ಸೂರ್ಯ ಮುಳುಗಿದ, ಗಾಳಿ ತಗ್ಗಿತು, ಎರಡು ಕಂಬಗಳ ನಡುವೆ ಪರದೆ ನಿಧಾನವಾಗಿ ಮೇಲೇರಿತು. ಗದ್ದೆಯ ತುಂಬ ಒಂದು ಮೌನ ಹಬ್ಬಿತು. ಕಲೆಯ ಮುಂದೆ ಮನುಷ್ಯ ಮೂಕನಾಗುವುದುಂಟು, ಇದು ಅದಲ್ಲ. ಪರದೆ ಇದ್ದದ್ದು ನಮ್ಮೆಲ್ಲರ ಬೆನ್ನ ಹಿಂದೆ. ಸಿನಿಮಾ ನೋಡಲೆಂದು ಬಂದ ಅಷ್ಟೂ ಕಾರುಗಳು ಏಕಚಿತ್ತದಿಂದ ಗೇಟನ್ನು ನೋಡುತ್ತಿದ್ದವು.

ಹಮೀದ್ ಓಡಿ ಬಂದ. "ಯಾರು ಹೇಳಿದ್ದು ಮಾರಾಯ ಹೀಗೆ ನಿಲ್ಲಿಸ್ಲಿಕ್ಕೆ?"

"ಮತ್ತೆ ಹೇಗೆ ನಿಲ್ಲಿಸುದು ಹಮೀದಾಕ?" ಎಂದ ಸೀಟಿಯವನು, ನಿಜಕ್ಕೂ ಅರ್ಥವಾಗದೆ. "ಬಿಡುವಾಗ ಟ್ರಾಫಿಕ್ ಜಾಮ್ ಆಗ್ತದಲ್ಲ."

ತಿರುಗಿಸುವ ಒಂದು ಪ್ರಯತ್ನ ನಡೆಯಿತು. ಮೊದಲ ಸಾಲಿನ ನಾಲ್ಕಾರು ಕಾರುಗಳು ಒಮ್ಮೆಲೇ ಹೊರಟು, ಒಂದರ ಮೂತಿಗೆ ಒಂದು ಎದುರಾಗಿ, ದೀಪಗಳೆಲ್ಲ ಪರದೆಯ ಮೇಲೆ ಬಿದ್ದು, ಕುರುಕ್ಷೇತ್ರದಲ್ಲಿ ರಥಗಳು ಸಿಕ್ಕಿಬಿದ್ದಂತೆ ನಿಂತವು. ಅವುಗಳನ್ನು ಬಿಡಿಸಿ ಮತ್ತೆ ಮೊದಲಿನ ಹಾಗೆ ನಿಲ್ಲಿಸುವ ಹೊತ್ತಿಗೆ ಕತ್ತಲಾಯಿತು. ಕೊನೆಗೆ ದಾರಿ ತೋರಿಸಿದ್ದು ಜೀಪಿನ ಹೆಂಗಸು. ಅವರು ಯಾರನ್ನೂ ಕೇಳದೆ ಹಿಂಬದಿಯ ಬಾಗಿಲು ತೆಗೆದು, ಕಾಲು ಇಳಿಬಿಟ್ಟು, ಪರದೆಗೆ ಮುಖ ಮಾಡಿ ಕೂತರು. ಅದನ್ನು ನೋಡಿ ಪಕ್ಕದವರು ಡಿಕ್ಕಿ ಎತ್ತಿದರು, ಅವರನ್ನು ನೋಡಿ ಅವರ ಪಕ್ಕದವರು. ಸ್ವಲ್ಪ ಹೊತ್ತಿನಲ್ಲಿ ಗದ್ದೆಯ ಡಿಕ್ಕಿಗಳೆಲ್ಲ ಬಾಯಿ ತೆರೆದು, ಸ್ಟೆಪ್ನಿ, ಜಾಕು, ಕೊಡೆಗಳ ನಡುವೆ ಸಂಸಾರಗಳು ಕೂತವು. ಡಿಕ್ಕಿ ಸಾಲದವರು ನೆಲದಲ್ಲೇ ಚಾಪೆ ಹಾಸಿದರು.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ನನ್ನ ಔಷಧಿ ಚೆಲ್ಲಿಹೋಗಿತ್ತು. ಗಾಜು ಏರಿಸಿದ ಕೋಣೆ ಎಂದು ನಾನು ಅಕ್ಕನಿಗೆ ಮಾತು ಕೊಟ್ಟದ್ದು ಈಗ ಬಟ್ಟಬಯಲು. ಪಕ್ಕದಲ್ಲೇ, ಕೈಯಳತೆಯಲ್ಲಿ, ಮಣಿಪಾಲದ ಹುಡುಗ ಹುಡುಗಿಯರು. ನನ್ನ ಕಾರಿನ ಡಿಕ್ಕಿಯಲ್ಲಿ ದಿಂಬು ಹಾಕಿ ಅಕ್ಕನನ್ನು ಕೂರಿಸಿದೆ. ರೇಡಿಯೋವನ್ನು ಅದರ ಶಕ್ತಿ ಇದ್ದಷ್ಟೂ ಏರಿಸಿದೆ. ಹಳೆಯ ಕಪ್ಪುಬಿಳುಪು ಚಿತ್ರ ಶುರುವಾಯಿತು: ಒಬ್ಬಳು ತಾಯಿ, ಇಬ್ಬರು ಮಕ್ಕಳು, ಒಬ್ಬ ಊರು ಬಿಟ್ಟವನು, ಇನ್ನೊಬ್ಬ ಬಿಟ್ಟಿದ್ದರೆ ಒಳ್ಳೆಯದಿತ್ತು. ನಾನು ಮೊದಲ ಪ್ರಶ್ನೆಗೆ ಸಿದ್ಧನಾಗಿ ಅಕ್ಕನತ್ತ ವಾಲಿ ಕೂತೆ.

ಪ್ರಶ್ನೆ ಬರಲಿಲ್ಲ. ತಾಯಿ ಅತ್ತಳು, ಬರಲಿಲ್ಲ. ಸಾಹುಕಾರ ಬಂದು ಗದರಿಸಿ ಹೋದ, ಬರಲಿಲ್ಲ. ಅಕ್ಕ ಪರದೆಯಿಂದ ಕಣ್ಣು ಕೀಳದೆ, ಕೈಚೀಲವನ್ನು ಅಪ್ಪಿಕೊಂಡು ಕೂತಿದ್ದಳು. ಅದೇ ಕೈಚೀಲ, ಅದೇ ಭಂಗಿ. ಒಮ್ಮೆ ನಾನಾಗಿಯೇ, "ಅವ ಸಾಹುಕಾರನ ಅಳಿಯ, ಗೊತ್ತಾಯಿತಾ," ಎಂದೆ. ಅವಳು ತಿರುಗದೆ ತಲೆಯಾಡಿಸಿದಳು. ನನಗೆ ಹಮೀದನ ಮೇಲೆ, ಸೀಟಿಗಳ ಮೇಲೆ, ಹಿಮ್ಮುಖವಾಗಿ ಓಡುವಂತೆ ಕಾರು ಮಾಡಿದವನ ಮೇಲೆ ಸಿಟ್ಟು ಬಂತು. ಬಿಡುವಾಗಿನ ಟ್ರಾಫಿಕ್ಕಿನ ಚಿಂತೆಯಲ್ಲಿ ಬಂದ ಕಾರ್ಯಕ್ಕೇ ಬೆನ್ನು ಹಾಕಿ ನಿಲ್ಲುವ ಜನ ನಾವು. ನಮ್ಮ ಮದುವೆ, ನಮ್ಮ ಸಭೆ, ಪ್ರಾಯಶಃ ನಮ್ಮ ಇಡೀ ಬಾಳ್ವೆಯೂ ಹೀಗೆಯೇ ಎಂದು ಒಂದು ಉದಾತ್ತವಾದ ವಿಷಾದದೊಳಗೆ ನಾನು ಇಳಿಯುತ್ತಿದ್ದೆ.

ಅಷ್ಟರಲ್ಲಿ ಪಕ್ಕದಿಂದ ಜೀಪಿನ ಹೆಂಗಸು ಬಾಗಿ ಕೇಳಿದರು. ಅವರ ಜೀಪಿನಲ್ಲಿ ರೇಡಿಯೋ ಇರಲಿಲ್ಲ. ರೇಡಿಯೋ ಇರಬೇಕಾದ ತೂತಿನಲ್ಲಿ ಎಲೆಯಡಿಕೆಯ ಡಬ್ಬಿ ಇತ್ತು.

"ಅವ ಎಂತ ಹೇಳಿದ್ದು ಅಮ್ಮ, ತಾಯಿಯ ಹತ್ರ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ತೋಟ ಮಾರುದಂತೆ. ಅಣ್ಣ ಬರುವ ಮೊದಲು ಸಹಿ ಹಾಕ್ಬೇಕಂತೆ. ನಾಚಿಕೆ ಇಲ್ಲದವ."

ನಾನು ಬೆರಗಾಗಿ ನೋಡಿದೆ. ಆ ಮಾತನ್ನು ಚಿತ್ರದ ಕಿರಿಯ ಮಗ ಪಿಸುಗುಟ್ಟಿದ್ದ. ನನಗೇ ಸರಿಯಾಗಿ ಕೇಳಿರಲಿಲ್ಲ. ಅಕ್ಕನ ತಲೆಯ ಎರಡೂ ಪಕ್ಕಕ್ಕೆ, ಹಿಂದಿನ ಸೀಟಿನ ಮೇಲುಗಡೆ, ಕಾರಿನ ಎರಡು ಸ್ಪೀಕರುಗಳಿದ್ದವು. ಮುಂದಿನ ಸೀಟಿನಲ್ಲಿ ಕೂತಿದ್ದರೆ ಅವು ಅವಳ ಬೆನ್ನಿಗೆ ಮಾತಾಡುತ್ತಿದ್ದವು. ಈಗ ಒಂದೊಂದು ಕಿವಿಗೆ ಒಂದೊಂದರಂತೆ, ಹಳೆಯ ಚಿತ್ರದ ಅಚ್ಚುಕಟ್ಟಾದ ಮಾತುಗಳನ್ನು ನೇರವಾಗಿ ಒಳಕ್ಕೆ ಕಳಿಸುತ್ತಿದ್ದವು. ಅಕ್ಕ ಸುಮ್ಮನಿದ್ದದ್ದು ನೊಂದಲ್ಲ. ಕೇಳಲು ಅವಳಿಗೆ ಏನೂ ಬಾಕಿ ಉಳಿದಿರಲಿಲ್ಲ.

ಆ ಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಜೀಪಿನವರಿಗೆ ಮಾತುಗಳನ್ನು ದಾಟಿಸಿದಳು, ಜತೆಗೆ ತನ್ನ ಅಭಿಪ್ರಾಯವನ್ನೂ ಸೇರಿಸಿದಳು. ಮಣಿಪಾಲದ ಕಾರಿನಿಂದ ಒಬ್ಬಳು, ಕಲಿತು ಆಡಿದ ಕನ್ನಡದಲ್ಲಿ, "ಆಂಟಿ, ಇವನು ವಿಲನ್ ಇದ್ದಾನಾ?" ಎಂದಳು.

"ಈಗ ಅಲ್ಲ ಮಗಾ. ಇಂಟರ್ವಲ್ ಕಳೀಲಿ, ಆಗ್ತಾನೆ," ಎಂದಳು ಅಕ್ಕ.

"ನೀವು ಮೊದಲೇ ನೋಡಿದ್ದೀರಾ?"

"ಇಲ್ಲ. ಅವನ ಮೀಸೆ ನೋಡು."

ಆ ಕಾರಿನವರು ತಮ್ಮ ಚಾಪೆಯನ್ನು ಎತ್ತಿಕೊಂಡು ಬಂದು ಅಕ್ಕನ ಕಾಲ ಬುಡದಲ್ಲಿ ಹಾಸಿದರು. ನನ್ನನ್ನು ಸ್ವಲ್ಪ ಸರಿಯಲು ಹೇಳಿದರು. ಸರಿದೆ. ಡ್ರೈವ್-ಇನ್ನಿನ ಮಹಿಮೆಯ ಬಗ್ಗೆ ನಾನು ಮಾಡಿಕೊಂಡ ಸಿದ್ಧಾಂತವೂ ನನ್ನೊಡನೆ ಸರಿಯಿತು. ಗಾಜಿನೊಳಗಿನ ಯಜಮಾನಿಕೆಯಲ್ಲಿ ಅಕ್ಕನಿಗೆ ನನ್ನೊಬ್ಬನ ಉತ್ತರ ಸಿಗುತ್ತಿತ್ತು, ಅಷ್ಟೇ. ಅವಳ ಉತ್ತರ ಯಾರಿಗಾದರೂ ಬೇಕಾದೀತೆಂದು ನಾನು ಎಣಿಸಿಯೇ ಇರಲಿಲ್ಲ. ಆ ಅಮೆರಿಕದ ತಾಯಿ ಕೂಡ ಕಾರಿನಲ್ಲಿ ಆರಾಮವಾಗಿ ಕೂತ ಮೇಲೆ ಗಾಜು ಇಳಿಸಿ ಪಕ್ಕದವರನ್ನು ಮಾತಾಡಿಸಿರಬೇಕು. ಚರಿತ್ರೆ ಅದನ್ನು ಬರೆದಿಡಲಿಲ್ಲ, ಮಗನ ಯಂತ್ರವನ್ನಷ್ಟೇ ಬರೆಯಿತು.

ಚಿತ್ರ ಮುಗಿಯಿತು. ಊರು ಬಿಟ್ಟವನು ಬಂದ, ಮೀಸೆಯವನು ಅಕ್ಕನ ಮಾತು ಉಳಿಸಿದ. ಗದ್ದೆಯ ಕಾರುಗಳೆಲ್ಲ ಗೇಟಿಗೆ ಮುಖ ಮಾಡಿ ನಿಂತಿದ್ದವು. ಕೀಲಿ ತಿರುಗಿಸಿದರೆ ಸಾಕು, ಚಲನಚಿತ್ರದ ಚರಿತ್ರೆಯಲ್ಲೇ ಅತ್ಯಂತ ಸುಸೂತ್ರವಾದ ನಿರ್ಗಮನ ನಡೆದುಹೋಗುತ್ತಿತ್ತು. ಸೀಟಿಯವರು ಸಜ್ಜಾಗಿ ಕಾದರು. ಯಾರೂ ಹೊರಡಲಿಲ್ಲ. ತಾಯಿ ಕೊನೆಗೆ ಕಿರಿಯ ಮಗನನ್ನು ಕ್ಷಮಿಸಬೇಕಿತ್ತೋ ಬಾರದಿತ್ತೋ ಎಂದು ಡಿಕ್ಕಿಯಿಂದ ಡಿಕ್ಕಿಗೆ ಚರ್ಚೆ ಎದ್ದಿತ್ತು, ಜೀಪಿನ ಹೆಂಗಸು ಎಲೆಯಡಿಕೆಯ ಡಬ್ಬಿಯನ್ನು ಅಕ್ಕನ ಮುಂದೆ ಹಿಡಿದಿದ್ದರು.

ಹಮೀದ್ ಮೆಲ್ಲನೆ ಬಂದ. ಮುಖ ಬಾಡಿತ್ತು. ಅಕ್ಕನ ಹತ್ತಿರ ನಿಂತು ಏನೋ ಹೇಳಿದ. ಗಾಳಿ ಮತ್ತೆ ಎದ್ದಿತ್ತು, ಪರದೆ ಪಟಪಟ ಬಡಿಯುತ್ತಿತ್ತು, ಮಾತು ಹಾರಿಹೋಯಿತು. ಅಕ್ಕ ನಗುತ್ತ ಅವನ ಮುಖ ನೋಡಿದಳು. ಇನ್ನು ತಲೆಯಾಡುತ್ತದೆ ಎಂದು ನಾನು ಕಾದೆ. ಅವಳು ಕಿವಿಗೆ ಕೈ ಅಡ್ಡ ಹಿಡಿದಳು.

"ಎಂತ? ನನಗೆ ಕೇಳ್ಲಿಲ್ಲ. ಜೋರು ಹೇಳು ಹಮೀದ್."

"ಮುಂದಿನ ಸಲ ನೆಲದಲ್ಲಿ ಸುಣ್ಣದ ಬಾಣ ಹಾಕಿಸ್ತೇನೆ ಅಕ್ಕ, ಅಂತ ಹೇಳಿದೆ. ಎಲ್ಲ ಕಾರಿನ ಮುಖವೂ ಪರದೆಗೆ ಬರುವ ಹಾಗೆ."

"ಬಾಣ ಗೀಣ ಎಂತದೂ ಬೇಡ," ಎಂದಳು ಅಕ್ಕ, ಗೇಟಿನ ಬಳಿ ನಿಂತ ಸೀಟಿಯವರು ತಿರುಗಿ ನೋಡುವಷ್ಟು ದೊಡ್ಡ ಸ್ವರದಲ್ಲಿ. "ಹೀಗೇ ನಿಲ್ಲಿಸ್ಲಿ."